ಅರಸರ ಮತವೂ ರೈತರ ತೆರಿಗೆಯೂ

ಗುಂಡ್ಲುಪೇಟೆಯಲ್ಲಿ ತಮ್ಮ ತಂದೆಯವರ ಸ್ಮರಣಾರ್ಥವಾಗಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿದ ಚಿಕ್ಕದೇವರಾಜ ಒಡೆಯರವರ ಹೆಸರು ಈ ಸೀಮೆಯವರಿಗೆ ಹೊಸದಲ್ಲ. ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಕೊಂಡುದು, ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯನ್ನು ಏರ್ಪಡಿಸಿದುದು, ಸಂಚಿಯ ಹೊನ್ನಮ್ಮನಂತಹ ಕವಯಿತ್ರಿಗೆ ಆಶ್ರಯವಿತ್ತುದು, ಇವೆಲ್ಲವೂ ಅವರ ಕೀರ್ತಿಗೆ ಕಾರಣಗಳು. ಆದರೆ ಅವರ ಚರಿತ್ರೆಯಲ್ಲಿ ನಾವು ಮರೆಯಬಾರದ ಬೇರೊಂದು ಪ್ರಕರಣವುಂಟು.

1645ರಲ್ಲಿ ಜನಿಸಿದ ಒಡೆಯರವರು ಪಟ್ಟಕ್ಕೆ ಬರುವ ಮುನ್ನ ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ನಿರ್ಬಂಧದಲ್ಲಿದ್ದರೆಂದು ಪ್ರತೀತಿ. ಆ ಕಷ್ಟಕಾಲದ ಮಿತ್ರನು ಯಳಂದೂರಿನ ಜೈನ ವಿದ್ವಾಂಸನಾದ ವಿಶಾಲಾಕ್ಷ ಪಂಡಿತನು. 1673ರಲ್ಲಿ ಸಿಂಹಾಸನವನ್ನೇರಿದ ಅರಸರು ಪಂಡಿತನನ್ನೇ ಮಂತ್ರಿಯನ್ನಾಗಿ ಮಾಡಿಕೊಂಡರು. ಅರಸರು ಶ್ರೀವೈಷ್ಣವಭಕ್ತರು, ಮಂತ್ರಿಯು ಜೈನನು, ರೈತರಲ್ಲಿ ಬಹುಮಂದಿ ವೀರಶೈವರು. ಯೋಗ್ಯತೆಯನ್ನು ನೋಡಿ ಅಧಿಕಾರವನ್ನು ಕೊಟ್ಟುದು ಮೆಚ್ಚತಕ್ಕ ವಿಷಯವೇ ಸರಿ.

ಕೇಡು ಹುಟ್ಟಿದುದು ತೆರಿಗೆಯಿಂದ. ಕಂದಾಯದ ಪ್ರಮಾಣವನ್ನು ಬಹಿರಂಗವಾಗಿ ಏರಿಸದೆ, ಸಣ್ಣಪುಟ್ಟ ತೆರಿಗೆಗಳನ್ನು ಒಂದರಮೇಲೊಂದಾಗಿ ಹೊರಿಸಲಾಯಿತು. ರೈತರು ಊರಬಾಗಿಲ ಮರಗಳಲ್ಲಿ ನೇಗಿಲನ್ನು ತಲೆಕೆಳಗಾಗಿ ತೂಗಹಾಕಿ ದಂಗೆಯೆದ್ದರೆಂದು 1810ರಲ್ಲಿ ತನ್ನ ಇತಿಹಾಸವನ್ನು ಪ್ರಕಟಿಸತೊಡಗಿದ ಕರ್ನಲ್ ವಿಲ್ಕ್ಸನು ಬರೆದಿರುವನು. ಜಂಗಮರು ರೈತರ ಪಕ್ಷವನ್ನು ವಹಿಸಿದರು. ಅರಸರು ಜೈನಮಂತ್ರಿಯ ಬೋಧೆಗೆ ಒಳಗಾಗಿರುವರೆಂಬ ಮಾತು ಹಬ್ಬಿತು. ತೆರಿಗೆಯ ಜಗಳವು ಮತದ ಜಗಳವಾಯಿತು. ನಂಜನಗೂಡಿನಲ್ಲಿ ನಾನೂರಕ್ಕೂ ಹೆಚ್ಚು ಜಂಗಮರು ಹತರಾದರೆಂದೂ ಏಳುನೂರಕ್ಕೂ ಹೆಚ್ಚು ಮಠಗಳು ನಾಶವಾದುವೆಂದೂ ಅವನು ಹೇಳುವನು. ಶತಮಾನದ ತರುವಾಯ ಬರೆದ ಈ ಸಂಖ್ಯೆಗಳನ್ನು ಹಾಗೆಯೇ ನಂಬಬೇಕಾದುದಿಲ್ಲ. ಆದರೆ 1686ರ ಸುಮಾರಿಗೆ ವಿಶಾಲಾಕ್ಷ ಪಂಡಿತನು ಕೊಲೆಗೀಡಾದುದೂ ಶ್ರೀವೈಷ್ಣವನಾದ ತಿರುಮಲಾರ್ಯನು ಮಂತ್ರಿಯಾದುದೂ ನಿಜ. ಒಡೆಯರವರು 1704ರಲ್ಲಿ ಕಾಲವಾದರು.

ಇದು ನಮ್ಮ ನಾಡಿಗೆ ಮಾತ್ರವೇ ಸೇರಿದ ವ್ಯಾಧಿಯಲ್ಲ. ಅಧಿಕಾರಕ್ಕೆ ಬರುವವನ ಮತವನ್ನು ಪರೀಕ್ಷಿಸಕೂಡದೆಂದು ಅಮೆರಿಕದವರು 1787ರಲ್ಲಿಯೇ ತಮ್ಮ ರಾಜ್ಯಾಂಗದಲ್ಲಿ ಬರೆದುಕೊಂಡರು. ಆದರೂ 1960ರ ಚುನಾವಣೆಯಲ್ಲಿ ರೋಮನ್ ಕ್ಯಾಥೊಲಿಕ್ ಮತದ ಕೆನೆಡಿಯವರು ಹ್ಯೂಸ್ಟನ್ ನಗರದ ಪಾದ್ರಿಗಳ ಸಭೆಗೆ ಹೋಗಿ, ತಾವು ಪೋಪರ ಆಜ್ಞಾಧಾರಕರಲ್ಲವೆಂದು ಸಮಾಧಾನ ಹೇಳಬೇಕಾಯಿತು. ಶಾಸನದಲ್ಲಿ ಬರೆದುದು ಜನರ ಮನಸ್ಸಿಗೆ ಇಳಿಯಲು ಬಹುಕಾಲ ಬೇಕು.

ಒಡೆಯರವರ ದೋಷವು ಅನ್ಯಮತದವನನ್ನು ಮಂತ್ರಿಯನ್ನಾಗಿ ಮಾಡಿದುದಲ್ಲ. ರೈತರ ಮೊರೆಯನ್ನು ಸಕಾಲದಲ್ಲಿ ಕೇಳದೆ ಹೋದುದು. ಹೊಟ್ಟೆಯ ಸಂಕಟಕ್ಕೆ ಕಿವಿಗೊಡದ ಕಡೆ, ಅದು ಮತದ ಹೆಸರಿನಲ್ಲಿ ಕೂಗತೊಡಗುವುದು. ಆಗ ಅರಸನೂ ಪ್ರಜೆಯೂ ಮೂಲದ ಪ್ರಶ್ನೆಯನ್ನು ಮರೆಯುವರು. ಕಚೇರಿಯಲ್ಲಿ ಕುಳಿತು ಅರ್ಜಿಗಳನ್ನು ನೋಡುವ ಅಧಿಕಾರಿಗಳು, ಅರ್ಜಿದಾರನ ಹಣೆಯ ಗುರುತನ್ನು ಬಿಟ್ಟು ಅರ್ಜಿಯಲ್ಲಿರುವುದನ್ನು ಓದಲಿ. ಪರವಾಸುದೇವರ ಸನ್ನಿಧಿಗೆ ಹೋಗುವ ನಮ್ಮ ಜನರು ಯಳಂದೂರಿನ ಆ ಪಂಡಿತನನ್ನೂ, ಮರದಲ್ಲಿ ತೂಗಿದ ಆ ನೇಗಿಲನ್ನೂ ಒಮ್ಮೆ ನೆನೆಯಲಿ.