ರಾಜಾಬಾಯಿ ಗೋಪುರದ ದಾನಿ ಪ್ರೇಮಚಂದ ರಾಯಚಂದ

ನಮ್ಮ ಭಾಗದ ಹಳೆಯ ತಲೆಮಾರಿನ ಪದವೀಧರರಿಗೆ ಮುಂಬಯಿ ವಿಶ್ವವಿದ್ಯಾಲಯವೇ ವಿದ್ಯಾಮಾತೆಯಾಗಿದ್ದಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಜನ್ಮ ತಾಳುವವರೆಗೆ ಧಾರವಾಡ, ಬೆಳಗಾವಿಗಳ ಕಾಲೇಜುಗಳಲ್ಲಿ ಕಲಿತವರು ಪಡೆಯುತ್ತಿದ್ದುದು ಅದರ ಪದವಿಯನ್ನೇ. ಆ ವಿಶ್ವವಿದ್ಯಾಲಯದ ಕೋಟೆ ಪ್ರದೇಶದ ಆವರಣದಲ್ಲಿ 280 ಅಡಿ ಎತ್ತರಕ್ಕೆ ನಿಂತಿರುವ ಗಡಿಯಾರ ಗೋಪುರವನ್ನೂ, ಅದರ ಬುಡದ ಗ್ರಂಥಾಲಯವನ್ನೂ ಕಂಡವರು ಬಹಳ. ಅವುಗಳಿಗೆ ದ್ರವ್ಯವಿತ್ತ ಮಹನೀಯನ ಚರಿತ್ರೆಯನ್ನು ಬಲ್ಲವರು ವಿರಳ.

ಪ್ರೇಮಚಂದ ರಾಯಚಂದರು 1831ರಲ್ಲಿ ಸೂರತ್ತಿನ ಜೈನ ವಣಿಕ ಕುಟುಂಬದಲ್ಲಿ ಜನಿಸಿದರು. ಕುಟುಂಬವು ಮುಂಬಯಿಗೆ ಬಂದು ನೆಲೆಸಿತು. ಆ ಕಾಲದ ದಲಾಲರಲ್ಲಿ ಇಂಗ್ಲಿಷ್ ಬಲ್ಲವರು ಅತಿ ದುರ್ಲಭರು. ಬಾಲಕನು ಆ ಭಾಷೆಯನ್ನು ಕಲಿತನು. ಸಹಸ್ರಾರು ರೂಪಾಯಿಗಳ ವ್ಯವಹಾರವನ್ನು ಕಾಗದ ಲೇಖನಿಗಳ ನೆರವಿಲ್ಲದೆ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದನೆಂಬ ಖ್ಯಾತಿಯೂ ಅವನಿಗೆ ಬಂದಿತು.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧವು ಹತ್ತಿಕೊಂಡಿತು. ಅಲ್ಲಿಯ ಅರಳೆಯು ಇಂಗ್ಲೆಂಡಿಗೆ ಹೋಗುವುದು ನಿಂತುದರಿಂದ ಲ್ಯಾಂಕಶೈರಿನ ಗಿರಣಿಗಳು ಭಾರತದ ಅರಳೆಗೆ ಕೈಚಾಚಿದವು. ಧಾರವಾಡ ಸೀಮೆಯ ಅರಳೆಗೂ ಆಗ ಬಂಗಾರದ ಬೆಲೆ ಬಂದಿತ್ತು. ಮುಂಬಯಿಗೆ ಹಣವು ಹೊಳೆಯಾಗಿ ಹರಿದುಬಂದಿತು. ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ ಹುಟ್ಟಿದವೆಂದರೂ ಸಲ್ಲುವುದು. ಸಮುದ್ರವನ್ನು ಹಿಂದಕ್ಕೆ ತಳ್ಳಿ ನೆಲ ಮಾಡಹೊರಟ ಬ್ಯಾಕ್‌ಬೇ ಯೋಜನೆಯೂ ಅವುಗಳಲ್ಲಿ ಒಂದು. ಈ ಎಲ್ಲ ಉಬ್ಬರದ ನಟ್ಟನಡುವೆ ನಿಂತವರು ಪ್ರೇಮಚಂದರು. ಅವರ ಒಂದು ಮಾತಿನಿಂದ ಷೇರುಗಳ ಬೆಲೆ ಏರುತ್ತಿತ್ತು.

1857ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಆಗಿನ್ನೂ ಸ್ವಂತ ಕಟ್ಟಡವಿರಲಿಲ್ಲ. 1864ರಲ್ಲಿ ಪ್ರೇಮಚಂದರು ಗ್ರಂಥಾಲಯಕ್ಕೆಂದು 2 ಲಕ್ಷ ರೂಪಾಯಿ, ಕೆಲವೇ ವಾರಗಳಲ್ಲಿ ಗಡಿಯಾರ ಗೋಪುರಕ್ಕೆಂದು ಮತ್ತೆ 2 ಲಕ್ಷ ರೂಪಾಯಿ ಕೊಡಮಾಡಿದರು. ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರಿಡಬೇಕೆಂಬುದು ಅವರ ಬಯಕೆಯಾಗಿತ್ತು. ದೃಷ್ಟಿ ಕಳೆದುಕೊಂಡ ಆ ತಾಯಿಗೆ, ಜೈನ ನಿಯಮದಂತೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಹೊತ್ತನ್ನು ಗಂಟೆಯ ನಾದವು ತಿಳಿಸಲೆಂಬ ಹಂಬಲವಿತ್ತೆಂದು ಪ್ರತೀತಿ. ಕಲಕತ್ತೆಯ ವಿಶ್ವವಿದ್ಯಾಲಯಕ್ಕೂ ಅದೇ ದಶಕದಲ್ಲಿ 2 ಲಕ್ಷ ಸಂದಿತು. ಅದರಿಂದ ಹುಟ್ಟಿದ ವಿದ್ಯಾರ್ಥಿವೇತನವನ್ನು ಮುಂದೆ ಆಶುತೋಷ ಮುಖರ್ಜಿ, ಜದುನಾಥ ಸರ್ಕಾರರಂಥವರು ಪಡೆದರು.

1865ರಲ್ಲಿ ಯುದ್ಧವು ಮುಗಿಯಿತು. ಅರಳೆಯ ಬೆಲೆ ಕುಸಿಯಿತು. ಲೆಕ್ಕ ತೀರಿಸಬೇಕಾದ ಜುಲೈ 1ರಂದು ಮುಂಬಯಿಯ ವಣಿಕರಲ್ಲಿ ಬಹುಮಂದಿ ಕೈಚೆಲ್ಲಿ ಕುಳಿತರು. ಪ್ರೇಮಚಂದರ ಐಶ್ವರ್ಯವೂ ಕರಗಿತು. ಬಾಂಬೆ ಬ್ಯಾಂಕು ಮುಳುಗಿದುದರ ವಿಚಾರಣೆ ನಡೆದಾಗ, ಅದರ ಸಾಲನೀತಿಯ ಮೇಲೆ ಅವರಿಗಿದ್ದ ಪ್ರಭಾವದ ವಿಷಯವೂ ಹೊರಬಿದ್ದಿತು. ಎಷ್ಟೋ ಸಾಮಾನ್ಯ ಕುಟುಂಬಗಳ ಉಳಿತಾಯವು ಆ ವರ್ಷ ನೀರುಪಾಲಾಯಿತೆಂಬುದನ್ನು ಅವರ ದಾನವನ್ನು ಹೊಗಳುವ ಭರದಲ್ಲಿ ಮರೆಮಾಚುವುದು ನ್ಯಾಯವಲ್ಲ. ಗೋಪುರದ ಕಲ್ಲುಗಳಿಗೂ ಆ ನಷ್ಟಕ್ಕೂ ಮೂಲವಾದ ಹಣದ ಹೊಳೆ ಒಂದೇ. ಆದರೆ ಷೇರುಗಳಲ್ಲಿ ತೊಡಗಿಸಿದ್ದೆಲ್ಲ ಅಳಿದು, ವಿದ್ಯೆಗೆಂದು ಮೊದಲೇ ಕೊಟ್ಟದ್ದು ಉಳಿಯಿತೆಂಬುದೂ ಅಷ್ಟೇ ಸತ್ಯ.

ಇಂಗ್ಲೆಂಡಿನ ಪ್ರಸಿದ್ಧ ಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರು ನಕ್ಷೆಗಳನ್ನು ಬರೆದು ಕಳಿಸಿದರು. ಅವರು ಮುಂಬಯಿಯನ್ನು ಎಂದೂ ಕಂಡವರಲ್ಲ. 1869ರಲ್ಲಿ ಅಸ್ತಿಭಾರವಾಗಿ 1878ರ ನವೆಂಬರಿನಲ್ಲಿ ಕಟ್ಟಡವು ಪೂರ್ಣಗೊಂಡಿತು. ವೆಚ್ಚ ಸುಮಾರು ಐದೂವರೆ ಲಕ್ಷ. ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ನಾನಾ ಜನವರ್ಗಗಳ ಮೂರ್ತಿಗಳಿವೆ. ಅವುಗಳ ಮಾದರಿಗಳನ್ನು ರೂಪಿಸಿದವರು ಸಹಾಯಕ ಇಂಜಿನಿಯರರಾಗಿದ್ದ ಮುಕುಂದ ರಾಮಚಂದ್ರರು. ಪರದೇಶದ ಗಾಥಿಕ್ ಶೈಲಿಯ ಕಟ್ಟಡದ ಮೇಲೆ ನಮ್ಮ ಮುಂಡಾಸು ರುಮಾಲುಗಳ ಜನರು ನಿಂತಿರುವ ನೋಟವು, ನಮಗೆ ತೋರುವಂತೆ, ಆ ಗೋಪುರದ ಅತ್ಯಂತ ಸೊಗಸಾದ ಅಂಶ.

ಪ್ರೇಮಚಂದರು ಪತನದ ಅನಂತರ ಮತ್ತೆ ವ್ಯವಹಾರಕ್ಕಿಳಿದರು. 1875ರಲ್ಲಿ ದಲಾಲರ ಸಂಘವು ರೂಪುಗೊಂಡಾಗ ಅದರ ಸ್ಥಾಪಕರಲ್ಲಿ ಒಬ್ಬರಾದರು. ಇಂದಿನ ಮುಂಬಯಿ ಷೇರುಪೇಟೆಯು ಅದರದೇ ಬೆಳವಣಿಗೆ. 1906ರಲ್ಲಿ ಅವರು ದಿವಂಗತರಾದರು.

ಕಟ್ಟುವುದಕ್ಕೆ ದಾನಿಗಳು ದೊರೆಯುವಂತೆ ಕಾಪಾಡುವುದಕ್ಕೆ ದೊರೆಯುವುದಿಲ್ಲವೆಂಬುದು ಸಂಸ್ಥೆಗಳನ್ನು ನಡೆಸಿದವರೆಲ್ಲರ ಅನುಭವ. ಸಮುದ್ರದ ಉಪ್ಪುಗಾಳಿ, ಮುಂಬಯಿಯ ಮಳೆ, ವಾಹನಗಳ ಹೊಗೆ ಇವುಗಳಿಂದ ಕಲ್ಲು ಕಪ್ಪಾಯಿತು. ಬಣ್ಣದ ಗಾಜಿನ ಕಿಟಕಿಗಳು ಮಸುಕಾದವು. 2013ರಿಂದ 2015ರವರೆಗೆ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ನೀಡಿದ ಸುಮಾರು 4 ಕೋಟಿ ರೂಪಾಯಿಗಳ ನೆರವಿನಿಂದ ಗ್ರಂಥಾಲಯ ಮತ್ತು ಗೋಪುರಗಳ ಜೀರ್ಣೋದ್ಧಾರವು ನಡೆಯಿತು. ಕಲ್ಲನ್ನು ತೊಳೆದರು, ಗಾಜನ್ನು ಶುದ್ಧಿಗೊಳಿಸಿ ಸರಿಪಡಿಸಿದರು. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡಗಳ ಸಮೂಹವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ರಾಜಾಬಾಯಿಯ ಹೆಸರಿನ ಗೋಪುರವೂ ಅದರೊಳಗೆ ಸೇರಿತು.