ಶಿಷ್ಯರೊಡನೆ ಕುಳಿತು ಬರೆದ ಟಾಲ್‌ಸ್ಟಾಯ್

ಲೋಕದಲ್ಲಿ ಗುರುಗಳೆನ್ನಿಸಿಕೊಂಡವರು ಅನೇಕರು. ತಾವು ಶಿಷ್ಯರಿಂದ ಕಲಿತೆವೆಂದು ಅಚ್ಚಿನ ಪುಟಗಳಲ್ಲಿ ಒಪ್ಪಿಕೊಂಡವರು ವಿರಳ. ಆ ವಿರಳರ ಪಂಕ್ತಿಯಲ್ಲಿ ರಶಿಯಾ ದೇಶದ ಲಿಯೋ ಟಾಲ್‌ಸ್ಟಾಯ್‌ರವರು ಅಗ್ರಗಣ್ಯರು. ಮಹಾತ್ಮಾ ಗಾಂಧಿಯವರೊಡನೆ ಪತ್ರವ್ಯವಹಾರ ನಡೆಸಿದ ವೃದ್ಧ ತಪಸ್ವಿಯೆಂದು ನಮ್ಮ ಜನರು ಅವರನ್ನು ಬಲ್ಲರು. ಅವರು ತಮ್ಮ ಮೂವತ್ತೆರಡು ಮೂವತ್ತಮೂರನೆಯ ವಯಸ್ಸಿನಲ್ಲಿ ಹಳ್ಳಿಯ ಮಕ್ಕಳಿಗೆ ಬರವಣಿಗೆ ಕಲಿಸುತ್ತಿದ್ದ ಸಂಗತಿಯು ಅಷ್ಟಾಗಿ ಪ್ರಚಾರದಲ್ಲಿಲ್ಲ.

ತೂಲಾ ಪಟ್ಟಣದ ಸಮೀಪದ ಯಾಸ್ನಾಯಾ ಪೊಲ್ಯಾನಾ ಎಂಬ ತಮ್ಮ ಮನೆತನದ ಹಳ್ಳಿಯಲ್ಲಿ ಅವರು 1828ರಲ್ಲಿ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನೂ, ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. ಕಜಾನ್ ವಿಶ್ವವಿದ್ಯಾಲಯವನ್ನು ಪದವಿಯಿಲ್ಲದೆಯೇ ಬಿಟ್ಟರು. ಸೈನ್ಯದಲ್ಲಿದ್ದಾಗ ಬರೆದ ಬಾಲ್ಯದ ಕಥನವು 1852ರಲ್ಲಿ ಪ್ರಕಟವಾಗಿ, ಸೆವಸ್ತೊಪೋಲಿನ ಯುದ್ಧಚಿತ್ರಗಳು ಅದರ ಬೆನ್ನಿಗೆ ಬಂದು, ಅವರ ಹೆಸರು ದೇಶದಲ್ಲೆಲ್ಲ ಹರಡಿತು. ಇಂಥ ಕೀರ್ತಿವಂತರು 1859ರಲ್ಲಿ ರಾಜಧಾನಿಯ ಸಾಹಿತ್ಯಗೋಷ್ಠಿಗಳಿಗೆ ಬೆನ್ನು ಮಾಡಿ, ತಮ್ಮ ಹಳ್ಳಿಯಲ್ಲಿ ಜೀತದ ರೈತರ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಅನಂತರ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್ ದೇಶಗಳನ್ನು ಸಂಚರಿಸಿ ಅಲ್ಲಿಯ ಶಾಲೆಗಳನ್ನು ನೋಡಿದರು. ಹೆದರಿಕೆಯಿಂದ ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ಕಂಡು ಅವರ ಮನಸ್ಸು ನೊಂದಿತು. 1861ರಲ್ಲಿ, ರಶಿಯಾದ ಜೀತಪದ್ಧತಿ ರದ್ದಾದ ವರ್ಷವೇ, ಅವರು ಸ್ವದೇಶಕ್ಕೆ ಮರಳಿದರು.

ಆ ಶಾಲೆಯ ವ್ಯವಸ್ಥೆ ವಿಚಿತ್ರವಾದದ್ದು. ಸುಮಾರು ನಲವತ್ತು ಮಕ್ಕಳು, ನಾಲ್ವರು ಉಪಾಧ್ಯಾಯರು. ಬೆಳಗ್ಗೆ ಗಂಟೆ ಬಾರಿಸಿದೊಡನೆ ಮಕ್ಕಳು ಹಿಮದಲ್ಲಿ ನಡೆದು ಬರುವರು. ಕೈಯಲ್ಲಿ ಪುಸ್ತಕವಿಲ್ಲ, ತಲೆಯ ಮೇಲೆ ಮನೆಪಾಠದ ಹೊರೆಯಿಲ್ಲ. ಬೆಂಚು, ಮೇಜು, ಕಿಟಕಿಯ ಕಟ್ಟೆ, ನೆಲ, ಎಲ್ಲಿ ಮನಸ್ಸು ಬಂದರೆ ಅಲ್ಲಿ ಕುಳಿತುಕೊಳ್ಳುವರು. ಬೆತ್ತಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಇದನ್ನು ಕೇಳಿದ ಅನುಭವಸ್ಥ ಉಪಾಧ್ಯಾಯರು ನಕ್ಕರೆ ಆಶ್ಚರ್ಯವಿಲ್ಲ. ಗದ್ದಲವು ವಿಪರೀತವಾಗಿತ್ತೆಂಬುದನ್ನು ಟಾಲ್‌ಸ್ಟಾಯ್‌ರವರೂ ಮುಚ್ಚಿಟ್ಟಿಲ್ಲ.

ಆದರೆ ಬರವಣಿಗೆಯ ಪಾಠದಲ್ಲಿ ಅವರು ಮೊದಮೊದಲು ಎಡವಿದರು. ಸುಲಭವಾದ ವಸ್ತುಗಳಿಂದಲೇ ಆರಂಭಿಸಬೇಕೆಂಬ ಎಲ್ಲರ ನಂಬಿಕೆಯಂತೆ ರೊಟ್ಟಿಯನ್ನು, ಗುಡಿಸಲನ್ನು, ಮರವನ್ನು ವರ್ಣಿಸಿರೆಂದು ಅಪ್ಪಣೆ ಮಾಡಿದರು. ಮಕ್ಕಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ದಿನವೂ ತಿನ್ನುವ ರೊಟ್ಟಿಯ ವಿಷಯದಲ್ಲಿ ಹೇಳಲು ಏನಿದೆಯೆಂಬುದೇ ಅವರಿಗೆ ತಿಳಿಯದು. ಪ್ರಸಿದ್ಧ ಲೇಖಕನೇ ಉಪಾಧ್ಯಾಯನಾದರೂ ಲೇಖನಿಯನ್ನು ಕೆಳಗಿಟ್ಟು ಅಪ್ಪಣೆ ಮಾತ್ರ ಕೊಡುತ್ತಿದ್ದರೆ ಫಲ ಇಷ್ಟೇ.

ಒಂದು ದಿನ ಅವರು ರಶಿಯಾದ ಗಾದೆಗಳ ಸಂಗ್ರಹವನ್ನು ಹಿಡಿದು ತರಗತಿಗೆ ಬಂದು, ಗಾದೆಯೊಂದರ ಮೇಲೆ ಕಥೆ ಬರೆಯಲು ಸೂಚಿಸಿದರು. ಚಮಚದಿಂದ ಉಣಿಸಿ ಅದರ ಹಿಡಿಯಿಂದಲೇ ಕಣ್ಣು ತಿವಿಯುವವನ ವಿಷಯವಾದ ಗಾದೆಯದು. ಉಪಕಾರ ಮಾಡಿ ಎತ್ತಿ ಆಡುವವನೆಂದು ಅದರ ತಾತ್ಪರ್ಯ. ಮಕ್ಕಳು ಬೆರಗಾದರು. ನೀವೇ ಬರೆದು ತೋರಿಸಿರೆಂದು ಒಬ್ಬ ಹುಡುಗನು ಅಂದುಬಿಟ್ಟನು. ಆ ಮಾತೇ ಎಲ್ಲಕ್ಕೂ ಮೂಲವಾಯಿತು. ಟಾಲ್‌ಸ್ಟಾಯ್‌ರವರು ಕೋಪಿಸಿಕೊಳ್ಳದೆ ಕುಳಿತು ಬರೆಯತೊಡಗಿದರು.

ಕಥೆ ಸರಳವಾದದ್ದು: ರೈತನೊಬ್ಬನು ಭಿಕ್ಷುಕನಾದ ಮುದುಕನಿಗೆ ಮನೆಯಲ್ಲಿ ಆಶ್ರಯ ಕೊಟ್ಟು, ಬಳಿಕ ಅದನ್ನೇ ಆಡಿ ತೋರಿಸುತ್ತಾನೆ. ಮೊದಲನೆಯ ಪುಟವನ್ನು ಓದಿದಾಗ ಅದು ಮಕ್ಕಳಿಗೆ ಹಿಡಿಸಲಿಲ್ಲ. ಮುದುಕನು ಹೀಗೆ ಮಾತನಾಡಲಾರನು, ರೈತನು ಹಾಗೆ ನಡೆಯಲಾರನು ಎಂದು ಅವರು ತಿದ್ದತೊಡಗಿದರು. ಅವರಲ್ಲಿ ಸ್ಯೋಮ್ಕಾ, ಫೆದ್ಕಾ ಎಂಬಿಬ್ಬರು ಮುಂದಾಳುಗಳು. ಸ್ಯೋಮ್ಕಾನಿಗೆ ಕಣ್ಣಿಗೆ ಕಟ್ಟುವ ಹೊರಗಿನ ವಿವರಗಳು ಬೇಕು. ಫೆದ್ಕಾನಿಗೆ ಒಳಗಿನ ಭಾವ ಬೇಕು. ಹುಡುಗರು ಹೇಳಿದಂತೆ ಟಾಲ್‌ಸ್ಟಾಯ್‌ರವರು ಬರೆದುಕೊಂಡರು. ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಹಸಿವೆ ಆಯಾಸಗಳ ಪರಿವೆಯಿಲ್ಲದೆ ಮೂವರೂ ದುಡಿದರು. ಗುರುವಿನ ಲೇಖನಿ ನಿಂತರೆ ಶಿಷ್ಯರಿಗೆ ಸಿಟ್ಟು ಬರುತ್ತಿತ್ತು.

ಆ ರಾತ್ರಿಯ ಒಂದು ವಿವರವನ್ನು ಇಲ್ಲಿ ಹೇಳಲೇಬೇಕು. ಕಥೆಯಲ್ಲಿ ಬರುವ ಆಪ್ತನಾದ ನೆರೆಯವನೊಬ್ಬನು ಹೆಂಗಸಿನ ತುಪ್ಪಳದ ಅಂಗಿಯನ್ನು ತೊಟ್ಟಿದ್ದನೆಂದು ಫೆದ್ಕಾ ಬರೆಯಿಸಿದನು. ಹೆಂಗಸಿನ ಅಂಗಿಯೇಕೆ? ಟಾಲ್‌ಸ್ಟಾಯ್‌ರವರಿಗೆ ಕೂಡಲೇ ಹೊಳೆಯಲಿಲ್ಲ. ಆಲೋಚಿಸಿದ ಮೇಲೆ ಅರ್ಥವಾಯಿತು: ಚಳಿಗಾಲದ ಸಂಜೆ, ಉಡುಪು ಕಳಚಿ ಕುಳಿತಿದ್ದವನು ಕೈಗೆ ಸಿಕ್ಕಿದ್ದನ್ನು ಹೊದೆದು ಬಂದಿದ್ದಾನೆ, ಹೆಂಗಸಿನ ಅಂಗಿ ಹಿಡಿಸಬೇಕಾದರೆ ಆತನು ಬಡಕಲು ದೇಹದವನಾಗಿರಬೇಕು. ಆ ಮನುಷ್ಯನೂ ಅವನ ಸಂಸಾರವೂ ಒಂದೇ ಮಾತಿನಲ್ಲಿ ಕಣ್ಣ ಮುಂದೆ ನಿಂತರು. ಅಕ್ಷರಗಳನ್ನು ಈಗತಾನೆ ಕೂಡಿಸಲು ಕಲಿತ ಹುಡುಗನಲ್ಲಿ ಕಂಡ ಈ ಶಕ್ತಿಯು ಜರ್ಮನಿಯ ಮಹಾಕವಿ ಗಯಟೆಗೂ ದುರ್ಲಭವೆಂದು ಅವರು ಬರೆದುಬಿಟ್ಟರು. ಇದು ಅತಿಶಯೋಕ್ತಿಯೇ ಸರಿ. ಆದರೂ ಅವರ ಬೆರಗು ನಿಜವಾದದ್ದು. ಅಂದು ಅವರು ಕಂಡ ಆನಂದದೊಡನೆ, ನೋಡಬಾರದ ಗುಟ್ಟನ್ನು ಇಣಿಕಿ ನೋಡಿದಂಥ ಅಳುಕೂ ಸೇರಿತ್ತು.

ಮುಂದೆ ಒದಗಿದ್ದು ದುಃಖದ ಸಂಗತಿ. ಟಾಲ್‌ಸ್ಟಾಯ್‌ರವರು ಕೆಲವು ದಿನ ಊರಿನಲ್ಲಿರಲಿಲ್ಲ. ಆ ಸಮಯದಲ್ಲಿ ಶಾಲೆಯಲ್ಲಿ ಕಾಗದದ ಆಟಿಕೆ ಮಾಡುವ ಹುಚ್ಚು ಹಬ್ಬಿ, ಕಥೆಯ ಹಾಳೆಗಳೂ ಆಟಿಕೆಗಳಾಗಿ ಒಲೆಯ ಪಾಲಾದವು. ಯಾವ ನಷ್ಟವೂ ತಮಗೆ ಇಷ್ಟು ಕಠಿಣವಾಗಿರಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಗುರುವಿನ ವ್ಯಥೆಯನ್ನು ಗುರುತಿಸಿದ ಸ್ಯೋಮ್ಕಾ ಫೆದ್ಕಾರು ತಾವೇ ಮತ್ತೆ ಬರೆಯುವುದಾಗಿ ಮುಂದೆ ಬಂದರು. ರಾತ್ರಿ ಅವರ ಮನೆಗೆ ಬಂದು, ಓದುವ ಕೋಣೆಯ ಬಾಗಿಲು ಹಾಕಿಕೊಂಡರು. ಮೊದಲು ನಗು ಕೇಳಿಸಿತು, ಆಮೇಲೆ ನಿಶ್ಶಬ್ದ. ನಡುರಾತ್ರಿಯ ಸುಮಾರಿಗೆ ಬಾಗಿಲು ತಟ್ಟಿದಾಗ ಕಥೆ ಮುಗಿದಿತ್ತು. ಹಳೆಯದರ ಕೆಲವು ಸೊಗಸುಗಳು ಹೋಗಿ, ಹೊಸವು ಕೆಲವು ಬಂದಿದ್ದವು.

ಈ ಅನುಭವವನ್ನು ಅವರು ಯಾಸ್ನಾಯಾ ಪೊಲ್ಯಾನಾ ಎಂಬ ತಮ್ಮ ಮಾಸಪತ್ರಿಕೆಯಲ್ಲಿ 1862ರಲ್ಲಿ ವಿವರಿಸಿದರು. ಬರೆಯುವುದನ್ನು ಯಾರಿಂದ ಯಾರು ಕಲಿಯತಕ್ಕದ್ದು, ರೈತರ ಮಕ್ಕಳು ನಮ್ಮಿಂದಲೋ ನಾವು ಅವರಿಂದಲೋ ಎಂಬುದೇ ಆ ಲೇಖನದ ಪ್ರಶ್ನೆ. ಅವರು ಕಂಡುಕೊಂಡ ಕ್ರಮವೂ ಅಲ್ಲಿದೆ. ಉಪಾಧ್ಯಾಯನಿಗೇ ರುಚಿಸದ ವಿಷಯವನ್ನು ಮಕ್ಕಳಿಗೆ ಕೊಡಬಾರದು. ಮಕ್ಕಳು ಬರೆದದ್ದನ್ನೇ ಮಕ್ಕಳಿಗೆ ಓದಲು ಕೊಡಬೇಕು. ಮಕ್ಕಳ ಬರಹವನ್ನು ನೋಡುವಾಗ ಅಕ್ಷರದ ಅಂದ, ಕಾಗುಣಿತ, ವಾಕ್ಯರಚನೆಗಳ ತಪ್ಪು ಎತ್ತಬಾರದು. ಅದಕ್ಕಿಂತ ಮುಖ್ಯವಾದದ್ದು, ಭಾರವನ್ನು ಹಂಚಿಕೊಳ್ಳುವುದು. ನೂರು ಭಾವನೆಗಳಲ್ಲಿ ಒಂದನ್ನು ಆರಿಸಬೇಕು, ಅದಕ್ಕೆ ಮಾತು ಹುಡುಕಬೇಕು, ಹಿಂದೆ ಬರೆದದ್ದನ್ನು ನೆನಪಿನಲ್ಲಿಡಬೇಕು, ಅದೇ ಹೊತ್ತಿಗೆ ಅಕ್ಷರವನ್ನೂ ತಿದ್ದಬೇಕು. ಇಷ್ಟೆಲ್ಲ ಒಟ್ಟಿಗೆ ಮಗುವಿನ ಕೈಗೆ ಮೀರಿದ್ದು. ಗುರುವು ಮೊದಲು ಕೆಲವನ್ನು ತಾನೇ ಹೊತ್ತು, ಒಂದೊಂದಾಗಿ ಶಿಷ್ಯನಿಗೆ ಬಿಟ್ಟುಕೊಡುತ್ತ ಹೋಗಬೇಕು. ತಾನು ಎಂದೂ ಕಥೆ ಬರೆಯದವನಿಗೆ ಆ ಭಾರದ ತೂಕ ಹೇಗೆ ತಿಳಿದೀತು?

ಶಾಲೆ ಬಹುಕಾಲ ಬಾಳಲಿಲ್ಲ. 1862ರ ಜುಲೈ ತಿಂಗಳಲ್ಲಿ ಟಾಲ್‌ಸ್ಟಾಯ್‌ರವರು ಆರೋಗ್ಯಕ್ಕಾಗಿ ಸಮಾರಾ ಪ್ರಾಂತಕ್ಕೆ ಹೋಗಿದ್ದಾಗ, ರಾಜದ್ರೋಹದ ಕಾಗದಗಳಿವೆಯೆಂಬ ಗುಮಾನಿಯಿಂದ ಸರ್ಕಾರದ ಪೋಲೀಸರು ಅವರ ಮನೆಯನ್ನೂ ಶಾಲೆಯನ್ನೂ ಶೋಧಿಸಿದರು. ಏನೂ ಸಿಕ್ಕಲಿಲ್ಲ; ಆದರೆ ಆಗಬೇಕಾದ ಹಾನಿ ಆಗಿಹೋಗಿತ್ತು. ಅದೇ ವರ್ಷ ಅವರ ವಿವಾಹವಾಯಿತು. ಶಾಲೆ ಮುಚ್ಚಿತು. ಹಿಡಿದ ಕೆಲಸವನ್ನು ನಡುವೆ ಬಿಡುವ ಚಾಂಚಲ್ಯವು ಅವರಲ್ಲಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಯುದ್ಧ ಮತ್ತು ಶಾಂತಿ ಎಂಬ ಮಹಾಗ್ರಂಥವು 1869ರಲ್ಲಿ ಮುಗಿದ ಮೇಲೆ, ಜಗತ್ತು ಕೊಂಡಾಡುತ್ತಿರುವಾಗಲೇ, ಅವರು ಮತ್ತೆ ಹಳ್ಳಿಯ ಮಕ್ಕಳ ಕಡೆಗೆ ತಿರುಗಿದರು. 1872ರಲ್ಲಿ ಅವರ ಅಕ್ಷರಮಾಲೆಯ ಪುಸ್ತಕವೂ, 1875ರಲ್ಲಿ ಅದರ ಹೊಸ ರೂಪವೂ ಹೊರಬಂದವು. ಅವುಗಳಲ್ಲಿಯ ಪುಟ್ಟ ಕಥೆಗಳನ್ನು ಒಂದು ಮಾತೂ ಹೆಚ್ಚಾಗದಂತೆ ಅವರು ಮತ್ತೆ ಮತ್ತೆ ತಿದ್ದಿದರು. ಫೆದ್ಕಾನ ಪಾಠ ವ್ಯರ್ಥವಾಗಿರಲಿಲ್ಲ.

1910ರಲ್ಲಿ ಮನೆಯನ್ನು ತೊರೆದು ಹೊರಟ ಟಾಲ್‌ಸ್ಟಾಯ್‌ರವರು ಅಸ್ತಾಪೊವೊ ಎಂಬ ಸಣ್ಣ ರೈಲ್ವೆ ನಿಲ್ದಾಣದಲ್ಲಿ ದೇಹವಿಟ್ಟರು. ಅದೇ ವರ್ಷ ಗಾಂಧಿಯವರು ದಕ್ಷಿಣ ಆಫ್ರಿಕದಲ್ಲಿ ಅವರ ಹೆಸರಿನ ಆಶ್ರಮವನ್ನು ಸ್ಥಾಪಿಸಿ, ಅಲ್ಲಿಯ ಮಕ್ಕಳಿಗೆ ತಾವೇ ಪಾಠ ಹೇಳಿದರು.

ಲೇಖನದಲ್ಲಿ ಫೆದ್ಕಾ ಎಂದು ಕರೆಯಲ್ಪಟ್ಟ ಹುಡುಗನ ನಿಜವಾದ ಹೆಸರು ವಾಸಿಲಿ ಮೊರೊಜೊವ್. ನಲವತ್ತಾರು ವರ್ಷಗಳ ತರುವಾಯ, 1908ರಲ್ಲಿ, ಆತನ ಕಥೆಯೊಂದು ಪ್ರಕಟವಾದಾಗ ಅದಕ್ಕೆ ಮುನ್ನುಡಿ ಬರೆದವರು ಎಂಬತ್ತು ವರ್ಷದ ಆ ಗುರುಗಳೇ. ಆತನು ತನ್ನ ಗುರುವಿನ ವಿಷಯವಾಗಿ ಬರೆದಿಟ್ಟ ಸ್ಮೃತಿಗಳು 1917ರಲ್ಲಿ ಪುಸ್ತಕವಾಗಿ ಬೆಳಕು ಕಂಡವು.