ಪಂಡಿತಾ ರಮಾಬಾಯಿ: ತಾಯಿಯ ಬೆಳಗಿನ ಪಾಠ

ಕಾರ್ಕಳದ ಕಡೆಯಿಂದ ಪುಣೆಗೆ ಬಂದು ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಘಟ್ಟದ ಬುಡದ ಮಾಳ ಎಂಬ ಊರು ಅಪರಿಚಿತವಲ್ಲ. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಆ ಊರಿನವರೆಂಬುದು ಮಾತ್ರ ಬಹುಮಂದಿಗೆ ತಿಳಿಯದು.

ಶಾಸ್ತ್ರಿಗಳು ತಾರುಣ್ಯದಲ್ಲಿ ಪುಣೆಗೆ ಬಂದು ರಾಮಚಂದ್ರಶಾಸ್ತ್ರಿಗಳಲ್ಲಿ ವ್ಯಾಸಂಗ ಮಾಡಿದರು. ಆ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಅದನ್ನು ಕಂಡ ಶಿಷ್ಯನಿಗೆ ತನ್ನ ಹೆಂಡತಿಗೂ ವಿದ್ಯೆ ಹೇಳಬೇಕೆಂಬ ಹಂಬಲ ಹುಟ್ಟಿತು. ಮೊದಲ ಪತ್ನಿಯ ವಿಷಯದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಬಳಿಕ ಕೈಹಿಡಿದ ಲಕ್ಷ್ಮೀಬಾಯಿ ಆಗಿನ್ನೂ ಒಂಬತ್ತು ವರ್ಷದ ಬಾಲೆ. ಆಕೆಗೆ ಪಾಠ ಪ್ರಾರಂಭವಾದೊಡನೆ ಬಂಧುಬಳಗ ಮುನಿಯಿತು. ಉಡುಪಿಯ ವಿದ್ವತ್ಸಭೆಯ ಮುಂದೆ ಶಾಸ್ತ್ರಿಗಳು ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕಡೆಗೆ ಅವರು ಊರ ಗೊಡವೆಯೇ ಬೇಡವೆಂದು ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ಪತ್ನಿಗೂ ಶಿಷ್ಯರಿಗೂ ವಿದ್ಯೆ ಹೇಳತೊಡಗಿದರು. ಅಲ್ಲಿಯೇ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು.

ಕೂಸಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಮಗು ಬೆತ್ತದ ಬುಟ್ಟಿಯಲ್ಲಿ, ಹೊರೆಯಾಳಿನ ತಲೆಯ ಮೇಲೆ! ದೇವಾಲಯಗಳಲ್ಲಿ, ನದೀತೀರಗಳಲ್ಲಿ ಪುರಾಣ ಓದಿ ಬಂದುದರಲ್ಲಿ ಜೀವನ ಸಾಗುತ್ತಿತ್ತು. ಮಗುವಿನ ಕಿವಿಗೆ ಬಿದ್ದುದೂ ಅದೇ ಶ್ಲೋಕ. ಎಂಟನೆಯ ವಯಸ್ಸಿನಿಂದ ತಾಯಿಯೇ ಗುರುವಾದರು. ಮನೆಗೆಲಸ ಅವರನ್ನು ಹಗಲೆಲ್ಲ ಬಿಡುತ್ತಿರಲಿಲ್ಲ. ಆದುದರಿಂದ ನಸುಕಿನಲ್ಲಿ, ಹಕ್ಕಿಗಳು ಉಲಿಯುವ ಹೊತ್ತಿಗೆ, ನಿದ್ದೆಗಣ್ಣಿನ ಮಗಳನ್ನು ಹಾಸಿಗೆಯಿಂದ ಎತ್ತಿ ಮುದ್ದಿಸಿ ಎಚ್ಚರಿಸಿ ಬಾಯಿಪಾಠ ಹೇಳಿಕೊಡುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಕಂಠಸ್ಥವಾದುವು.

ಮನುಷ್ಯನ ಮೆದುಳು ಹುಟ್ಟುವಾಗ ಪ್ರಾಯದವರ ಮೆದುಳಿನ ಕಾಲುಭಾಗದಷ್ಟಿದ್ದು, ಐದು ವರ್ಷ ತುಂಬುವಾಗ ಹತ್ತರಲ್ಲಿ ಒಂಬತ್ತು ಪಾಲು ಬೆಳೆದಿರುತ್ತದೆಂದು ಶಾಸ್ತ್ರಜ್ಞರು ಅಳೆದಿದ್ದಾರೆ. ಬಳಸಿದ ನರಸಂಬಂಧಗಳು ಬಲಗೊಳ್ಳುತ್ತವೆ, ಬಳಸದವು ಕಳಚುತ್ತವೆ. ಬಹುಕಾಲ ಭಯದಲ್ಲಿಯೇ ಬೆಳೆದ ಮಗುವಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಸ್ರಾವ ಹೆಚ್ಚಾಗಿ ನೆನಪಿಗೂ ಮನೋನಿಗ್ರಹಕ್ಕೂ ಕುಂದು ತರಬಲ್ಲುದು. ಪ್ರೀತಿಯಿಂದ ನೋಡಿಕೊಳ್ಳುವ ಒಬ್ಬ ಹಿರಿಯರಿದ್ದರೆ ಆ ಏಟು ಎಷ್ಟೋ ತಗ್ಗುತ್ತದೆ. ರುಮೇನಿಯದ ಅನಾಥಾಲಯಗಳ ಶಿಶುಗಳನ್ನು 2000ದ ತರುವಾಯ ಪರೀಕ್ಷಿಸಿದಾಗ, ಎರಡು ವರ್ಷ ತುಂಬುವ ಮುನ್ನ ಸಾಕುಮನೆ ಸೇರಿದವರು ತಡವಾಗಿ ಸೇರಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡುದು ಕಂಡುಬಂದಿತು. ರಮಾಬಾಯಿಯವರಿಗೆ ಮನೆಯೆಂಬುದೇ ಇರಲಿಲ್ಲ. ತಾಯಿಯ ತೋಳು ಮಾತ್ರ ಇತ್ತು. ಮಗು ಏಳುವ ಮುನ್ನ ಕೆಲಸಕ್ಕೆ ಹೊರಟು ಅದು ಮಲಗಿದ ಮೇಲೆ ಮರಳುವ ನಮ್ಮವರಿಗೆ ಲಕ್ಷ್ಮೀಬಾಯಿ ಆ ಒಂದು ಗಳಿಗೆಯನ್ನು ಎಲ್ಲಿಂದ ಹುಡುಕಿ ತೆಗೆದರೆಂಬುದು ಸೋಜಿಗವೆನಿಸೀತು.

ಆ ಬಲಕ್ಕೆ ಪರೀಕ್ಷೆಯ ಕಾಲ ಬೇಗ ಬಂದಿತು. 1874ರಲ್ಲಿ, ಮದ್ರಾಸು ಪ್ರಾಂತದ ಬರಗಾಲದಲ್ಲಿ, ತಂದೆ ಹಸಿವಿನಿಂದ ಬಳಲಿ ತೀರಿಕೊಂಡರು; ಕೆಲವೇ ವಾರಗಳಲ್ಲಿ ತಾಯಿಯೂ ನಡೆದರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಸಾಕಷ್ಟು ಜನ ಸಿಗದೆ ರಮಾಬಾಯಿಯೇ ಒಂದು ಮೂಲೆಯನ್ನು ಹೊತ್ತರು. ಕುಳ್ಳಾಗಿದ್ದುದರಿಂದ ಹೆಗಲಿಗೆ ನಿಲುಕದೆ ತಲೆಯ ಮೇಲಿಟ್ಟುಕೊಂಡು ನಡೆದರು. ಹಿರಿಯಕ್ಕನೂ ಹೋದ ಮೇಲೆ ಉಳಿದವರು ಅಣ್ಣ ಶ್ರೀನಿವಾಸ ಮತ್ತು ಈಕೆ. ಇಬ್ಬರೂ ದೇಶದ ಉದ್ದಗಲ ಕಾಲ್ನಡೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ತರುಣಿಯ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಹಸಿವಿನಿಂದ ಜರ್ಝರಿತನಾಗಿದ್ದ ಅಣ್ಣ 1880ರಲ್ಲಿ ತೀರಿಕೊಂಡನು. ಒಂದೇ ತಾಯಿಯ ಆರೈಕೆ, ಒಂದೇ ಹಸಿವು. ಆದರೂ ಒಬ್ಬರು ಉಳಿದರು, ಒಬ್ಬರು ಅಳಿದರು. ಬಾಲ್ಯವೇ ಸರ್ವಸ್ವವೆಂದು ನಾವು ಹೇಳಲಾರೆವು.

ಅದೇ ವರ್ಷ ವಿವಾಹ, 1882ರಲ್ಲಿ ವೈಧವ್ಯ. ಮಗಳು ಮನೋರಮೆಯೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಅಮೇರಿಕೆಗೆ ಹೋದಾಗ ಈ ಪಂಡಿತೆ ಶ್ರದ್ಧೆಯಿಂದ ಕಲಿತುದು ಶಿಶುಗಳಿಗೆ ಆಟದ ಮೂಲಕ ಪಾಠ ಹೇಳುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು! 1887ರ ತಮ್ಮ ಇಂಗ್ಲಿಷ್ ಗ್ರಂಥವನ್ನು ಅವರು ಅರ್ಪಿಸಿದುದೂ ತಾಯಿಗೇ.

1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು ಮರುವರ್ಷ ಪುಣೆಗೆ ತಂದರು. ಅಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬಳಾದ ಬಾಲವಿಧವೆ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದಳು. ಮತಾಂತರದ ಸಂಶಯದಿಂದ ಅದೇ ವರ್ಷ ಪುಣೆಯಲ್ಲಿ ದೊಡ್ಡ ಗದ್ದಲವೆದ್ದು ರಾನಡೆ, ಭಾಂಡಾರಕರರಂಥವರು ದೂರ ಸರಿದರು. ಆ ವಿವಾದ ಇಲ್ಲಿ ನಮಗೆ ಬೇಡ.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ರಮಾಬಾಯಿಯವರು ತಮ್ಮ ಹಸಿವಿನ ದಿನಗಳನ್ನು ನೆನೆದು ಹೊರಟರು. ಹಸಿವನ್ನು ಕಂಡವರೆಲ್ಲ ಮರುಗುವುದಿಲ್ಲ, ಕೆಲವರು ಕಲ್ಲಾಗುವುದೂ ಉಂಟು. ಆದರೆ ಇವರ ಹಸಿವಿನ ನೆನಪಿನಲ್ಲಿ ತಾಯಿಯ ಮುಖವೂ ಇತ್ತು. ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಸೊಲ್ಲಾಪುರ ರೈಲುದಾರಿಯ ಕೇಡಗಾಂವಿಯಲ್ಲಿ ತಾವು ಕೊಂಡಿದ್ದ ಹೊಲದಲ್ಲಿಯೇ ವಸತಿ ಹೂಡಿದರು. ಅದುವೇ ಮುಕ್ತಿ ಸದನ. 1900ರ ಸುಮಾರಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು.

ಕನ್ನಡನಾಡಿನ ಋಣವನ್ನೂ ಅವರು ಮರೆಯಲಿಲ್ಲ. 1912ರಲ್ಲಿ ಕಲಬುರಗಿಯಲ್ಲಿ ಒಂದು ಶಾಲೆಯನ್ನು ತೆರೆದು ಅದನ್ನು ಮನೋರಮೆಗೆ ಒಪ್ಪಿಸಿದರು. ಆ ಮಗಳು 1921ರ ಜುಲೈಯಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ವರ್ಷ ತುಂಬುವ ಮುನ್ನ, 1922ರ ಏಪ್ರಿಲ್ 5ರಂದು, ರಮಾಬಾಯಿಯವರು ಕೇಡಗಾಂವಿಯಲ್ಲಿ ಕಣ್ಮುಚ್ಚಿದರು.